ಕಾಚು: ಒಗರಿನ ರಸಾಯನ

ನಮ್ಮ ಕಾಸರಗೋಡು ಸೀಮೆಯಲ್ಲಿ ಎಲೆ-ಅಡಿಕೆಯ ಹರಿವಾಣವಿಲ್ಲದ ಮನೆ ಹಿಂದೆ ದುರ್ಲಭವಾಗಿತ್ತು. ಆ ಹರಿವಾಣದಲ್ಲಿ ಎಲೆ, ಅಡಿಕೆ, ಸುಣ್ಣಗಳ ಜೊತೆಗೆ ಒಮ್ಮೊಮ್ಮೆ ಕಾಣುವ ಕಂದುಬಣ್ಣದ ಗಟ್ಟಿಯೇ ಕಾಚು. ನಾಲಗೆಗೆ ತಾಗಿದೊಡನೆ ಬಾಯೆಲ್ಲ ಒಗರಾಗುವುದು ಇದರ ಲಕ್ಷಣ. ಈ ಒಗರು ಎಂದರೇನು? ಅದು ಚರ್ಮ ಹದಮಾಡುವವನಿಗೂ ಬಣ್ಣಗಾರನಿಗೂ ವೈದ್ಯನಿಗೂ ಒಂದೇ ಸಮನಾಗಿ ಒದಗಿಬಂದುದು ಹೇಗೆ? ಇವನ್ನು ವಿದ್ಯಾರ್ಥಿಗಳಿಗೆ ತಿಳಿಯುವಂತೆ ಇಲ್ಲಿ ಸಂಕ್ಷೇಪವಾಗಿ ವಿವರಿಸುವೆವು.

ಮರವೂ ಸಾರವೂ

ಕಾಚಿನ ಮರಕ್ಕೆ ಸಂಸ್ಕೃತದಲ್ಲಿ ಖದಿರವೆಂದು ಹೆಸರು. ಯಜ್ಞದ ಯೂಪಸ್ತಂಭಕ್ಕೆ ಯೋಗ್ಯವೆಂದು ವೈದಿಕರು ಎಣಿಸಿದ ಮರಗಳಲ್ಲಿ ಇದೂ ಒಂದು. ಸಸ್ಯಶಾಸ್ತ್ರಜ್ಞರು ಇದನ್ನು ಬಹುಕಾಲ ಅಕೇಶಿಯಾ ಕಟೇಚು ಎಂದು ಕರೆದು, ಈಗ ಸೆನಿಗೇಲಿಯಾ ಕಟೇಚು ಎನ್ನುತ್ತಾರೆ. ಹಿಮಾಲಯದ ತಪ್ಪಲಿನಿಂದ ದಕ್ಷಿಣದವರೆಗೆ, ಎಲೆಯುದುರುವ ಒಣ ಕಾಡುಗಳಲ್ಲಿ ಇದು ಬೆಳೆಯುತ್ತದೆ. 17ನೆಯ ಶತಮಾನದ ಯೂರೋಪಿನವರು ಕಾಚಿನ ಗಟ್ಟಿಯನ್ನು ಮಾತ್ರ ಕಂಡು ಮರವನ್ನು ಕಾಣದೆ, ಇದು ಜಪಾನಿನಿಂದ ಬರುವ ಒಂದು ಬಗೆಯ ಮಣ್ಣೆಂದು ಭಾವಿಸಿ ‘ಟೆರ್ರಾ ಜಪಾನಿಕಾ’ ಎಂದು ಹೆಸರಿಟ್ಟರು. ಅದು ಮಣ್ಣೂ ಅಲ್ಲ, ಜಪಾನಿನದೂ ಅಲ್ಲ!

ಕಾಚು ಇರುವುದು ಮರದ ಚೇಗಿನಲ್ಲಿ. ಕೆಂಪು ಚೇಗನ್ನು ಚಕ್ಕೆಗಳಾಗಿ ಕೆತ್ತಿ, ನೀರಿನಲ್ಲಿ ಕುದಿಸಿ, ಸೋಸಿ, ಕಷಾಯವನ್ನು ಬತ್ತಿಸುತ್ತಾರೆ. ಅದನ್ನು ತಣಿಯಲು ಬಿಟ್ಟಾಗ ತೆಳುಬಣ್ಣದ ಹರಳುಗಳು ಕೆಳಗೆ ಕೂಡುವುವು. ತಾಂಬೂಲಕ್ಕೆ ಬಳಸುವ ಉತ್ತಮ ಕಾಚು ಇದೇ. ಹರಳು ತೆಗೆದ ಮೇಲೆ ಉಳಿದ ರಸವನ್ನು ಮತ್ತೆ ಬತ್ತಿಸಿದರೆ ಕಪ್ಪು ಕಾಚು ದೊರೆಯುವುದು. ಇದು ಕೈಗಾರಿಕೆಗೆ ಸಲ್ಲುತ್ತದೆ. ಚೇಗು ಬೇಕಾದರೆ ಮರವನ್ನು ಕಡಿಯಲೇಬೇಕು. ಆದುದರಿಂದ ಕಡಿದವನು ನೆಡದಿದ್ದರೆ ಈ ಉದ್ಯಮಕ್ಕೆ ಉಳಿವಿಲ್ಲ.

ಒಗರಿನ ಕಾರಣ

ಹರಳಿನ ಕಾಚಿನ ಮುಖ್ಯ ವಸ್ತುವಿಗೆ ಕಟೆಚಿನ್ ಎಂದು ಹೆಸರು. ಕಾಚಿನ ಹೆಸರಿನಿಂದಲೇ ಅದಕ್ಕೆ ಆ ಹೆಸರು ಬಂತು. ಅದರ ಒಂದು ಅಣುವಿನಲ್ಲಿ ಇಂಗಾಲದ 15, ಜಲಜನಕದ 14, ಆಮ್ಲಜನಕದ 6 ಪರಮಾಣುಗಳಿವೆ. ಬಿಸಿನೀರಿನಲ್ಲಿ ಅದು ಸುಲಭವಾಗಿ ಕರಗುವುದು, ತಣ್ಣೀರಿನಲ್ಲಿ ಅಲ್ಪವಾಗಿ ಮಾತ್ರ. ಕಷಾಯ ತಣಿದಾಗ ಹರಳುಗಟ್ಟುವುದು ಇದರಿಂದಲೇ. ಇಂತಹ ಹಲವು ಘಟಕಗಳು ಒಂದಕ್ಕೊಂದು ಬೆಸೆದು ದೊಡ್ಡ ಅಣುವಾದಾಗ ಅದು ಟ್ಯಾನಿನ್ ಎನಿಸುತ್ತದೆ.

ಟ್ಯಾನಿನ್ನಿನ ಅಣುವಿನಲ್ಲಿ ಜಲಜನಕ-ಆಮ್ಲಜನಕಗಳ ಜೋಡಿಗಳು ಕೊಕ್ಕೆಗಳಂತೆ ಸುತ್ತಲೂ ಚಾಚಿಕೊಂಡಿವೆ. ಪ್ರೋಟೀನಿನ ಎಳೆಗಳು ಎದುರಾದರೆ ಆ ಕೊಕ್ಕೆಗಳು ಅವನ್ನು ಹಿಡಿದು ಒಂದಕ್ಕೊಂದು ಬಿಗಿಯುತ್ತವೆ. ಜೊಲ್ಲಿನಲ್ಲಿ ಬಾಯನ್ನು ನುಣುಪಾಗಿಡುವ ಪ್ರೋಟೀನುಗಳುಂಟು. ಟ್ಯಾನಿನ್ ಅವನ್ನು ಹೀಗೆ ಹಿಡಿದು ಹೆಪ್ಪುಗಟ್ಟಿಸಿದಾಗ ನಾಲಗೆ ತರಿತರಿಯಾಗಿ, ಕೆನ್ನೆ ಬಿಗಿದಂತಾಗುತ್ತದೆ. ಇದನ್ನೇ ನಾವು ಒಗರೆನ್ನುವೆವು.

ಮೂರು ಪ್ರಯೋಗಗಳು

ಕಾಚನ್ನು ಬಿಸಿನೀರಿನಲ್ಲಿ ಕರಗಿಸಿ ಸೋಸಿ ಮೂರು ಪ್ರನಾಳಗಳಿಗೆ ಹಾಕಿರಿ. ಮೊದಲನೆಯದಕ್ಕೆ ಜಿಲೆಟಿನ್ ದ್ರಾವಣ ಸೇರಿಸಿದರೆ ದ್ರವ ಕದಡಿ, ಒತ್ತರ ಕೆಳಗಿಳಿಯುವುದು. ಇದು ಪ್ರೋಟೀನನ್ನು ಬಿಗಿಯುವ ಗುಣ. ಎರಡನೆಯದಕ್ಕೆ ಒಂದು ಹನಿ ಫೆರಿಕ್ ಕ್ಲೋರೈಡ್ ಸೇರಿಸಿದರೆ ಹಸುರುಗಪ್ಪು ಬಣ್ಣ ತೋರುವುದು. ಅಳಲೆಕಾಯಿಯ ಕಷಾಯದಲ್ಲಿ ಇದೇ ಪ್ರಯೋಗ ಮಾಡಿದರೆ ನೀಲಿಗಪ್ಪು ಬರುವುದು. ಟ್ಯಾನಿನ್ನುಗಳಲ್ಲಿ ಎರಡು ಕುಲಗಳಿರುವುದಕ್ಕೆ ಇದು ಗುರುತು. ಕಬ್ಬಿಣ ಸೋಂಕಿದರೆ ಕಾಚು ಕಪ್ಪಾಗುವುದು. ಮಣ್ಣಿನ ಮಡಕೆಯಲ್ಲಿ ಕುದಿಸುವ ಹಳೆಯ ಪದ್ಧತಿಯ ಪ್ರಯೋಜನ ಇದರಿಂದ ತಿಳಿಯುತ್ತದೆ. ಮೂರನೆಯದಕ್ಕೆ ತಿಳಿಸುಣ್ಣದ ನೀರು ಹಾಕಿ ಗಾಳಿಗೆ ತೆರೆದಿಟ್ಟರೆ ಬಣ್ಣ ಕೆಂಪಿಗೆ ತಿರುಗುವುದು. ಕ್ಷಾರದ ಸಹಾಯದಿಂದ ಕಾಚು ಆಮ್ಲಜನಕದೊಡನೆ ಕೂಡುವುದೇ ಕಾರಣ. ತಾಂಬೂಲದ ಕೆಂಪಿನ ಗುಟ್ಟೂ ಇದೇ.

ಉಪಯೋಗಗಳು

ಹಸಿಯ ತೊಗಲಿನಲ್ಲಿ ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳಿವೆ. ಸೂಕ್ಷ್ಮಜೀವಿಗಳು ಅವನ್ನು ಅರಗಿಸುವುದರಿಂದ ತೊಗಲು ಕೊಳೆಯುವುದು. ಟ್ಯಾನಿನ್ ಆ ನಾರುಗಳನ್ನು ಬಿಗಿದ ಮೇಲೆ ಅವು ಸುಲಭವಾಗಿ ಅರಗವು. ತೊಗಲು ಬಾಳಿಕೆಯ ಚರ್ಮವಾಗುವುದು. ಇಂಗ್ಲೆಂಡಿನ ಹಂಫ್ರಿ ಡೇವಿ 1803ರಲ್ಲಿ ಮುಂಬಯಿ ಮತ್ತು ಬಂಗಾಳದ ಕಾಚುಗಳನ್ನು ಪರೀಕ್ಷಿಸಿ, ತನ್ನ ದೇಶದ ಓಕ್ ಮರದ ತೊಗಟೆಗಿಂತ ಅವುಗಳಲ್ಲಿ ಟ್ಯಾನಿನ್ ಹಲವು ಪಾಲು ಹೆಚ್ಚೆಂದು ತೋರಿಸಿದನು.

ನೈಲಾನ್ ಬರುವುದಕ್ಕೆ ಮೊದಲು ಹತ್ತಿನೂಲಿನ ಬಲೆಗಳನ್ನೂ ಹಾಯಿಬಟ್ಟೆಗಳನ್ನೂ ಕಾಚಿನ ಕಷಾಯದಲ್ಲಿ ಅದ್ದಿ, ಸಮುದ್ರದ ನೀರಿನಲ್ಲಿ ಕೊಳೆಯದಂತೆ ಕಾಪಾಡುತ್ತಿದ್ದರು. ಕಾಚಿನಲ್ಲಿ ಅದ್ದಿದ ಬಟ್ಟೆಯನ್ನು ಬೈಕ್ರೋಮೇಟ್ ದ್ರಾವಣದಲ್ಲಿ ಹಾಯಿಸಿದರೆ ತೊಳೆದರೂ ಹೋಗದ ಕಂದುಬಣ್ಣ ನಿಲ್ಲುವುದು. ವೈದ್ಯರು ಭೇದಿಗೂ ವಸಡಿನ ಸ್ರಾವಕ್ಕೂ ಇದನ್ನು ಬಳಸಿದ್ದು ಬಿಗಿಯುವ ಗುಣಕ್ಕಾಗಿಯೇ; ಆಯುರ್ವೇದದ ಖದಿರಾರಿಷ್ಟ ಚರ್ಮರೋಗಗಳಿಗೆ ಪ್ರಸಿದ್ಧ.

ಎಚ್ಚರಿಕೆಯ ಮಾತು

ಸತ್ತ ತೊಗಲಿಗೆ ಹಿತವಾದ ಗುಣ ಜೀವಂತ ಬಾಯಿಗೆ ದಿನವೂ ಹಿತವೆಂದು ತಿಳಿಯಬಾರದು. ಅಡಿಕೆಯಲ್ಲಿಯೂ ಕಾಚಿನ ಕುಲದ ಟ್ಯಾನಿನ್ ಧಾರಾಳವಾಗಿದೆ. ನಮ್ಮ ಬಾಯಿಯ ಒಳಪದರದಲ್ಲಿ ಕೊಲಾಜೆನ್ ನಾರುಗಳು ಹಳತು ಕರಗಿ ಹೊಸತು ಹುಟ್ಟುತ್ತಿರಬೇಕು. ಅಡಿಕೆಯ ಟ್ಯಾನಿನ್ ಮತ್ತು ಕಟೆಚಿನ್‌ಗಳು ಆ ನಾರನ್ನು ಕರಗದಂತೆ ಗಟ್ಟಿಮಾಡುವುದನ್ನು ಸಂಶೋಧಕರು 1987ರಲ್ಲಿ ತೋರಿಸಿಕೊಟ್ಟರು. ಅಡಿಕೆಯ ಅರೆಕೊಲಿನ್ ಎಂಬ ಇನ್ನೊಂದು ವಸ್ತು ಹೊಸ ನಾರನ್ನು ಮಿತಿಮೀರಿ ಹುಟ್ಟಿಸುತ್ತದೆ. ಹೀಗೆ ಹಳತು ಕರಗದೆ ಹೊಸತು ಹೆಚ್ಚಿ, ಕೆನ್ನೆ ಬಿಗಿದು, ಬಾಯಿ ತೆರೆಯಲಾಗದ ರೋಗ ಬರುವುದು. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು 2004ರ ವರದಿಯಲ್ಲಿ, ಹೊಗೆಸೊಪ್ಪಿಲ್ಲದ ತಾಂಬೂಲವನ್ನೂ ಅಡಿಕೆಯನ್ನೂ ಮಾನವರಿಗೆ ಅರ್ಬುದಕಾರಕಗಳೆಂದು ಸಾರಿದೆ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು.

ಈ ಮಾತನ್ನು ಅಡಿಕೆಯ ನಾಡಿನಲ್ಲಿ ಬರೆಯುವುದು ನಮಗೆ ಸುಲಭವಲ್ಲ. ನಮ್ಮ ಅನೇಕ ವಿದ್ಯಾರ್ಥಿಗಳ ಮನೆಯಂಗಳದಲ್ಲಿ ಅಡಿಕೆ ಒಣಗುತ್ತದೆ. ಅದರ ಆದಾಯದಿಂದಲೇ ಅವರ ಓದು ಸಾಗುತ್ತದೆ. ಆದರೂ ಶಾಸ್ತ್ರವು ಕಂಡುದನ್ನು ಮಕ್ಕಳಿಂದ ಮರೆಮಾಚುವುದು ಅಧ್ಯಾಪಕರಾದ ನಮಗೆ ತರವಲ್ಲ. ಹಿರಿಯರ ಹರಿವಾಣಕ್ಕೆ ನಾವು ಗೌರವ ಸಲ್ಲಿಸೋಣ. ಮಂಗಳಕಾರ್ಯದಲ್ಲಿ ತಾಂಬೂಲವನ್ನು ಕೊಟ್ಟು ತೆಗೆದುಕೊಳ್ಳೋಣ. ಆದರೆ ಜಗಿಯುವ ಚಟವನ್ನು, ಅದರಲ್ಲಿಯೂ ಅಂಗಡಿಯ ಬಣ್ಣದ ಪೊಟ್ಟಣಗಳನ್ನು, ವಿದ್ಯಾರ್ಥಿಗಳು ಹತ್ತಿರ ಸೇರಿಸದಿರಲಿ. ಕಾಚಿನ ಬಿಗಿತವನ್ನು ಪ್ರನಾಳದಲ್ಲಿ ಕಂಡವನು ಅದನ್ನು ತನ್ನ ಬಾಯಲ್ಲಿ ಪರೀಕ್ಷಿಸಬೇಕಾಗಿಲ್ಲ.