ಹಾವಿನ ಕುರಿತ ಅರಿವು ವಿಡಿಯೊಗಳು: ಗ್ರಾಮ ಪಂಚಾಯಿತಿ ಸದಸ್ಯರಿಗೆ ಅಧ್ಯಯನ ಪಾಠ

ಪಾಠದ ಉದ್ದೇಶ

ಮಳೆಗಾಲ ಆರಂಭವಾದೊಡನೆ ಹೊಲ, ತೋಟ, ಹಿತ್ತಲುಗಳಲ್ಲಿ ಹಾವುಗಳ ಸಂಚಾರ ಹೆಚ್ಚುತ್ತದೆ. ಈ ಅವಧಿಯಲ್ಲಿ ಗ್ರಾಮಸಭೆ, ಶಾಲೆ ಹಾಗೂ ಅರಿವು ಕೇಂದ್ರಗಳಲ್ಲಿ ಹಾವಿನ ಕುರಿತು ಜಾಗೃತಿ ಕಾರ್ಯಕ್ರಮಗಳು ನಡೆಯುತ್ತವೆ. ಅವುಗಳ ವಿಡಿಯೊಗಳು ಪಂಚಾಯಿತಿಯ ವಾಟ್ಸ್‌ಆ್ಯಪ್ ಗುಂಪುಗಳ ಮೂಲಕ ಮನೆಮನೆಗೂ ತಲುಪುತ್ತವೆ. ಇಂತಹ ವಿಡಿಯೊ ಹೇಗಿರಬೇಕು, ಹೇಗಿರಬಾರದು ಎಂಬುದನ್ನು ಸದಸ್ಯರು ತಿಳಿದು ತೀರ್ಮಾನಿಸಲು ನೆರವಾಗುವುದೇ ಈ ಪಾಠದ ಉದ್ದೇಶ.

ಸಮಸ್ಯೆಯ ಗಾತ್ರ

2000ದಿಂದ 2019ರವರೆಗಿನ ಅವಧಿಯನ್ನು ಕುರಿತ ರಾಷ್ಟ್ರವ್ಯಾಪಿ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನರು ಹಾವು ಕಡಿತದಿಂದ ಮೃತಪಟ್ಟಿದ್ದಾರೆ. ಇವರಲ್ಲಿ ಹೆಚ್ಚಿನವರು ಗ್ರಾಮೀಣರು. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರ್ಕಾರವು 2024ರ ಫೆಬ್ರುವರಿಯಲ್ಲಿ ಇದನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿತು. 2030ರೊಳಗೆ ಸಾವುಗಳನ್ನು ಅರ್ಧಕ್ಕೆ ಇಳಿಸುವ ಗುರಿಯುಳ್ಳ ರಾಷ್ಟ್ರೀಯ ಕ್ರಿಯಾ ಯೋಜನೆಯೂ ಅದೇ ವರ್ಷದ ಮಾರ್ಚ್‌ನಲ್ಲಿ ಜಾರಿಗೆ ಬಂದಿತು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಬದುಕು ಹೊಲ-ತೋಟಗಳನ್ನು ಅವಲಂಬಿಸಿದೆ. ಬೆಳಗಿನ ಜಾವ ಅಡಿಕೆ ತೋಟಕ್ಕೆ ನೀರು ಹಾಯಿಸುವವರು, ಶೇಂಗಾ ಕೀಳುವವರು, ಮೆಕ್ಕೆಜೋಳ ಕೊಯ್ಯುವವರು, ಕಣದಲ್ಲಿ ಅಥವಾ ನೆಲದ ಮೇಲೆ ಮಲಗುವವರು ಅಪಾಯಕ್ಕೆ ಹತ್ತಿರದಲ್ಲಿರುತ್ತಾರೆ. ಆದ್ದರಿಂದ ಬಿ.ದುರ್ಗದಂತಹ ಹೋಬಳಿಯ ಪಂಚಾಯಿತಿಯು ಸಿದ್ಧಪಡಿಸುವ ಮೂರು ನಿಮಿಷದ ವಿಡಿಯೊ ಸಹ ಜೀವ ಉಳಿಸುವ ಅಥವಾ ಕಳೆಯುವ ಸಾಧನವಾಗಬಲ್ಲದು.

ಕಿವಿ ಕೇಳುವುದಕ್ಕಿಂತ ಕಣ್ಣು ಕಾಣುವುದೇ ಪಾಠ

ಬಹುತೇಕ ವಿಡಿಯೊಗಳಲ್ಲಿ ಒಂದು ವಿರೋಧಾಭಾಸವಿದೆ. ಬಾಯಲ್ಲಿ “ಹಾವನ್ನು ಮುಟ್ಟಬೇಡಿ” ಎಂಬ ಮಾತಿರುತ್ತದೆ, ಕೈಯಲ್ಲಿ ಹಾವಿರುತ್ತದೆ. ನೋಡುವ ಬಾಲಕನ ಮನಸ್ಸಿನಲ್ಲಿ ಮಾತು ಉಳಿಯುವುದಿಲ್ಲ, ಬಾಲ ಹಿಡಿದು ನಿಂತವನ ಧೈರ್ಯ ಉಳಿಯುತ್ತದೆ. ಮುಂದೊಂದು ದಿನ ಹಿತ್ತಲಿನಲ್ಲಿ ಹಾವು ಕಂಡಾಗ ಅವನ ನೆನಪಿಗೆ ಬರುವುದು ಆ ದೃಶ್ಯವೇ.

2022ರ ಮಾರ್ಚ್‌ನಲ್ಲಿ ಉತ್ತರ ಕನ್ನಡ ಜಿಲ್ಲೆಯ ಶಿರಸಿಯ ಯುವಕನೊಬ್ಬನ ವಿಡಿಯೊ ದೇಶದಾದ್ಯಂತ ಪ್ರಸಾರವಾಯಿತು. ಆತ ಮೂರು ನಾಗರಹಾವುಗಳ ಸಮೀಪ ಕುಳಿತು, ಬಾಲ ಎಳೆಯುತ್ತ, ಕೈಕಾಲು ಆಡಿಸುತ್ತಿದ್ದಾಗ ಒಂದು ಹಾವು ಮಂಡಿಗೆ ಕಚ್ಚಿ ಹಿಡಿಯಿತು. ಆಸ್ಪತ್ರೆಯ ಚಿಕಿತ್ಸೆಯಿಂದ ಆತ ಬದುಕುಳಿದ. ಹೆಡೆ ಎತ್ತಿದ ನಾಗರವು ಆಡುವುದಿಲ್ಲ, ಮಣಿಯುವುದೂ ಇಲ್ಲ. ಎದುರಿಗೆ ಚಲಿಸುವ ವಸ್ತುವನ್ನು ಅಪಾಯವೆಂದು ಅಳೆಯುತ್ತಿರುತ್ತದೆ ಎಂಬುದನ್ನು ಈ ಪ್ರಕರಣ ತೋರಿಸುತ್ತದೆ. ಅನುಭವಿ ಹಾವು ಹಿಡಿಯುವವರೂ ಕಡಿತಕ್ಕೆ ಬಲಿಯಾದ ಉದಾಹರಣೆಗಳು ರಾಜ್ಯದಲ್ಲಿವೆ.

“ಇದು ವಿಷವಿಲ್ಲದ ಹಾವು, ಹಿಡಿಯಬಹುದು” ಎಂದು ತೋರಿಸುವುದೂ ಅಪಾಯಕಾರಿ. ವಿಷವಿಲ್ಲದ ತೋಳಹಾವು ನೋಡಲು ಕಟ್ಟುಹಾವನ್ನು ಹೋಲುತ್ತದೆ. ಮಣ್ಣುಮುಕ್ಕ ಹಾವನ್ನೂ ಕೊಳಕುಮಂಡಲವನ್ನೂ ಜನರು ಪರಸ್ಪರ ತಪ್ಪಾಗಿ ಗುರುತಿಸುತ್ತಾರೆ. ಪರದೆಯ ಮೇಲೆ ಕಲಿತ ಗುರುತು ಮಬ್ಬುಗತ್ತಲಲ್ಲಿ ಕೈಕೊಡುತ್ತದೆ.

ಹಾವಿಗೂ ಹಾನಿಯಾಗುತ್ತದೆ. ಬಾಲ ಹಿಡಿದು ತೂಗಿದಾಗ ಬೆನ್ನುಮೂಳೆಗೆ ಪೆಟ್ಟಾಗಬಹುದು. ಬೆದರಿದ ಹಾವು ನುಂಗಿದ ಆಹಾರವನ್ನು ಕಕ್ಕುತ್ತದೆ. ಚಿತ್ರೀಕರಣಕ್ಕಾಗಿ ಚೀಲದಲ್ಲಿಟ್ಟು, ದೂರದ ಅಪರಿಚಿತ ಜಾಗದಲ್ಲಿ ಬಿಟ್ಟರೆ ಅದು ನೆಲೆ ತಪ್ಪಿ ಅಲೆಯುತ್ತದೆ. ಹೊಲದ ಇಲಿಗಳನ್ನು ತಿಂದು ಬೆಳೆ ಉಳಿಸುವ ಕೇರೆಹಾವಿನಂತಹ ಜೀವಿಯ ನಷ್ಟ ಕಡೆಗೆ ರೈತನದೇ.

ಕಾನೂನಿನ ನೆಲೆ

ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರಲ್ಲಿ ‘ಬೇಟೆ’ ಎಂಬ ಪದಕ್ಕೆ ಕೊಲ್ಲುವುದು ಮಾತ್ರವಲ್ಲ, ಹಿಡಿಯುವುದು, ಬಲೆಗೆ ಬೀಳಿಸುವುದು, ಅಟ್ಟುವುದು ಸಹ ಅರ್ಥವಾಗಿ ಸೇರಿವೆ. ನಾಗರ, ಕೊಳಕುಮಂಡಲ, ಕೇರೆ ಮುಂತಾದ ಹಾವುಗಳು ಈ ಕಾಯ್ದೆಯ ಸಂರಕ್ಷಣೆಗೆ ಒಳಪಟ್ಟಿವೆ. ತನ್ನ ಅಥವಾ ಮತ್ತೊಬ್ಬರ ಜೀವರಕ್ಷಣೆಗಾಗಿ ಸದ್ಭಾವದಿಂದ ಮಾಡಿದ ಕೃತ್ಯಕ್ಕೆ ಕಲಂ 11ರಲ್ಲಿ ವಿನಾಯಿತಿ ಇದೆ. ಪ್ರದರ್ಶನಕ್ಕಾಗಿ ಅಥವಾ ವಿಡಿಯೊಗಾಗಿ ಹಿಡಿಯುವುದಕ್ಕೆ ಆ ವಿನಾಯಿತಿ ಅನ್ವಯಿಸುವುದಿಲ್ಲ. ನೆರೆಯ ಕೇರಳದಲ್ಲಿ ಅರಣ್ಯ ಇಲಾಖೆಯು 2020ರಿಂದ ಹಾವು ರಕ್ಷಕರಿಗೆ ತರಬೇತಿ ನೀಡಿ, ಪ್ರಮಾಣಪತ್ರ ಪಡೆದವರಿಗೆ ಮಾತ್ರ ಈ ಕೆಲಸಕ್ಕೆ ಅವಕಾಶ ಕಲ್ಪಿಸಿದೆ.

ಪಂಚಾಯಿತಿಯ ವಿಡಿಯೊದಲ್ಲಿ ಇರಬೇಕಾದುದು

1. ಮುಖ್ಯ ವಿಷಯ ಹಾವಲ್ಲ, ಜನರ ನಡವಳಿಕೆ. ರಾತ್ರಿ ಟಾರ್ಚ್ ಹಿಡಿದು ನಡೆಯುವುದು, ಹೊಲದಲ್ಲಿ ಕಾಲಿಗೆ ಬೂಟು ಧರಿಸುವುದು, ಸೌದೆ ಅಥವಾ ಕಲ್ಲುರಾಶಿಗೆ ಕೈ ಹಾಕುವ ಮುನ್ನ ಕೋಲಿನಿಂದ ಕದಲಿಸುವುದು, ಮಂಚ ಮತ್ತು ಸೊಳ್ಳೆಪರದೆ ಬಳಸುವುದು: ಇವುಗಳನ್ನು ಊರಿನವರಿಂದಲೇ ಮಾಡಿಸಿ ತೋರಿಸಬೇಕು.

2. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕನ್ನು ಸ್ಥಿರಚಿತ್ರ ಅಥವಾ ರೇಖಾಚಿತ್ರಗಳಿಂದ ಪರಿಚಯಿಸಿದರೆ ಸಾಕು. ಆಸ್ಪತ್ರೆಗಳಲ್ಲಿ ನೀಡುವ ಪ್ರತಿವಿಷ ಔಷಧವು ಈ ನಾಲ್ಕರ ವಿಷಕ್ಕೂ ಒಂದೇ. ಆದ್ದರಿಂದ ಕಚ್ಚಿದ ಹಾವನ್ನು ಹುಡುಕುವ, ಹಿಡಿದು ಆಸ್ಪತ್ರೆಗೆ ತರುವ ಅಗತ್ಯವಿಲ್ಲವೆಂದು ಸ್ಪಷ್ಟವಾಗಿ ಹೇಳಬೇಕು.

3. ಕಟ್ಟುಹಾವಿನ ಕಡಿತದಲ್ಲಿ ನೋವು, ಊತ ಅಷ್ಟಾಗಿ ಕಾಣದೆ ಇರಬಹುದು. ನಿದ್ದೆಯಿಂದ ಎದ್ದವರಿಗೆ ಹೊಟ್ಟೆನೋವು, ರೆಪ್ಪೆ ಜೋಲುವುದು, ಮಾತು ತೊದಲುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕೆಂಬುದು ವಿಡಿಯೊದಲ್ಲಿರಲಿ.

4. ಪ್ರಥಮ ಚಿಕಿತ್ಸೆಯ ದೃಶ್ಯ ಕಡ್ಡಾಯ. ಗಾಯಾಳುವಿಗೆ ಧೈರ್ಯ ಹೇಳುವುದು, ಉಂಗುರ, ಬಳೆ ತೆಗೆಯುವುದು, ಮೂಳೆ ಮುರಿದಾಗ ಮಾಡುವಂತೆ ಅಂಗವನ್ನು ಅಲುಗದಂತೆ ಇರಿಸುವುದು, 108 ವಾಹನಕ್ಕೆ ಕರೆ ಮಾಡುವುದು. ಬಿಗಿಯಾಗಿ ಕಟ್ಟುವುದು, ಕುಯ್ಯುವುದು, ರಕ್ತ ಹೀರುವುದು, ನಾಟಿ ಔಷಧಕ್ಕೆಂದು ಕಾಯುವುದು ಸಲ್ಲದು.

5. ಮನೆಯೊಳಗೆ ಹಾವು ಬಂದಾಗ ಮಕ್ಕಳನ್ನೂ ಜಾನುವಾರುಗಳನ್ನೂ ದೂರ ಕಳುಹಿಸಿ, ದೂರದಿಂದ ನಿಗಾ ಇಟ್ಟು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡುವ ಕ್ರಮವನ್ನು ತೋರಿಸಬೇಕು.

ಇರಬಾರದುದು

ಕಾಡಿನ ಹಾವನ್ನು ಕೈಯಲ್ಲಿ, ಕೊರಳಲ್ಲಿ ಹಿಡಿದ ದೃಶ್ಯ, ಹೆಡೆ ಎತ್ತಿಸಲು ಕೆಣಕುವುದು, ಮುತ್ತಿಡುವುದು, ಹಾಲು ಕುಡಿಸುವುದು, ರಕ್ಷಣೆಯ ವೇಳೆ ಸುತ್ತ ನೆರೆದ ಮಕ್ಕಳ ಗುಂಪು. ‘ಎರಡು ತಲೆ ಹಾವು’ ಎಂದು ಕರೆಯುವ ಮಣ್ಣುಮುಕ್ಕ ಹಾವು ಕಳ್ಳಸಾಗಣೆಗೆ ತುತ್ತಾಗುತ್ತಿರುವುದರಿಂದ ಅದು ಕಂಡ ಸ್ಥಳದ ಹೆಸರನ್ನೂ ಪ್ರಕಟಿಸಬಾರದು. ರಕ್ಷಣಾ ಕಾರ್ಯವನ್ನು ಚಿತ್ರೀಕರಿಸಲೇಬೇಕಾದಲ್ಲಿ ದೂರದಿಂದ ಚಿತ್ರೀಕರಿಸಬೇಕು. ಕ್ಯಾಮೆರಾಕ್ಕಾಗಿ ಆ ಕೆಲಸವನ್ನು ಒಂದು ಕ್ಷಣವೂ ಮುಂದುವರಿಸಬಾರದು.

ಮಾದರಿ ನಿರ್ಣಯ

“ಪಂಚಾಯಿತಿಯ ವೆಚ್ಚದಲ್ಲಿ ಅಥವಾ ಹೆಸರಿನಲ್ಲಿ ಸಿದ್ಧಪಡಿಸುವ, ಹಂಚುವ ಯಾವುದೇ ವಿಡಿಯೊದಲ್ಲಿ ಕಾಡಿನ ಹಾವನ್ನು ಹಿಡಿದು ಪ್ರದರ್ಶಿಸತಕ್ಕದ್ದಲ್ಲ. ವಿಡಿಯೊವನ್ನು ಹಂಚುವ ಮುನ್ನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು, ವಲಯ ಅರಣ್ಯಾಧಿಕಾರಿಗಳು ಹಾಗೂ ಜೀವವೈವಿಧ್ಯ ನಿರ್ವಹಣಾ ಸಮಿತಿಯು ವೀಕ್ಷಿಸತಕ್ಕದ್ದು.”

ಚರ್ಚೆಗೆ ಪ್ರಶ್ನೆಗಳು

1. ಪ್ರತಿವಿಷ ಔಷಧ ದಾಸ್ತಾನಿರುವ, ನಮ್ಮ ಗ್ರಾಮಕ್ಕೆ ಅತಿ ಹತ್ತಿರದ ಆಸ್ಪತ್ರೆ ಯಾವುದು? ರಾತ್ರಿ ಅಲ್ಲಿಗೆ ತಲುಪಲು ಎಷ್ಟು ಸಮಯ ಬೇಕು?

2. ಪಂಚಾಯಿತಿಯ ಗುಂಪಿನಲ್ಲಿ ಇತ್ತೀಚೆಗೆ ಬಂದ ಹಾವಿನ ವಿಡಿಯೊದ ಧ್ವನಿಯನ್ನು ಪೂರ್ಣ ತಗ್ಗಿಸಿ ನೋಡಿದಾಗ ಅದು ಏನನ್ನು ಕಲಿಸುತ್ತದೆ?

3. ಹೊಲದ ಕೂಲಿ ಕಾರ್ಮಿಕರಿಗೆ, ಮೊಬೈಲ್ ಇಲ್ಲದ ಮನೆಗಳಿಗೆ ಇದೇ ತಿಳಿವಳಿಕೆಯನ್ನು ತಲುಪಿಸುವ ಬಗೆ ಹೇಗೆ?