ವಲಸೆ ಅನುಮತಿ: ಕೊಚ್ಚಿ, ತಿರುವನಂತಪುರದ ಮುದ್ರೆ

ವರ್ಕ್ ಪರ್ಮಿಟ್ ಕೈಗೆ ಬಂದ ಮಾತ್ರಕ್ಕೆ ಕೊಲ್ಲಿ ದೇಶಕ್ಕೆ ವಿಮಾನ ಹತ್ತಬಹುದು ಎಂದುಕೊಂಡವರೇ ಹೆಚ್ಚು. ಆದರೆ ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ‘ಇಸಿಆರ್’, ಅಂದರೆ ವಲಸೆ ತಪಾಸಣೆ ಅಗತ್ಯ ಎಂದಿರುತ್ತದೆ. ಅಂಥವರು ಸೌದಿ, ಕುವೈತ್, ಕತಾರ್ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೋಗುವಾಗ 1983ರ ವಲಸೆ ಕಾಯ್ದೆಯಂತೆ ಅನುಮತಿ ಪಡೆಯಬೇಕು. ಅರ್ಜಿ ಸರ್ಕಾರದ ‘ಇ-ಮೈಗ್ರೇಟ್’ ಜಾಲತಾಣದಲ್ಲಿ.

ಈ ಅನುಮತಿ ನೀಡುವ ವಲಸಿಗರ ರಕ್ಷಣಾಧಿಕಾರಿ ಕಚೇರಿಗಳು ಕೇರಳದಲ್ಲಿ ಕೊಚ್ಚಿ, ತಿರುವನಂತಪುರ ಎರಡೂ ಕಡೆ ಇವೆ.

ನರ್ಸ್‌ಗಳ ವಿಷಯ ಹಲವರು ಎಡವುವ ಜಾಗ. ಓದಿದವರಾದರೂ 2015ರಿಂದ ಅವರಿಗೂ ಈ ಅನುಮತಿ ಕಡ್ಡಾಯ. ದಲ್ಲಾಳಿಗಳ ಲಕ್ಷಾಂತರ ರೂಪಾಯಿ ಸುಲಿಗೆಯೇ ಇದಕ್ಕೆ ಕಾರಣ. ಆ ಬಿಗಿ ನ್ಯಾಯವಾದದ್ದೇ. ನೇಮಕಾತಿಯನ್ನು ಆಗ ತಿರುವನಂತಪುರದ ನೋರ್ಕಾ ರೂಟ್ಸ್, ಒಡೆಪೆಕ್‌ನಂಥ ಸರ್ಕಾರಿ ಸಂಸ್ಥೆಗಳಿಗೆ ವಹಿಸಲಾಯಿತು. ಇನ್ನು ನೋಂದಾಯಿತ ನೇಮಕಾತಿ ಏಜೆಂಟರು ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ, ಜಿಎಸ್‌ಟಿ ಪ್ರತ್ಯೇಕ.