ಎರೆಹುಳವು ನೆಲವನ್ನು ಕೆಡಿಸಿದ ಸಂಗತಿ

ಎರೆಹುಳವು ಒಕ್ಕಲಿಗನ ಮಿತ್ರನೆಂದು ನಾವೆಲ್ಲರೂ ಬಲ್ಲೆವು. ಆದರೂ ಅದೇ ಹುಳವು ನೆಲವನ್ನು ಕೆಡಿಸಿದ್ದುಂಟು. ಅದು ಹೇಗೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ನಡೆದದ್ದೇನು? ಬ್ರೆಜಿಲ್ ದೇಶದ ಅಮೆಜಾನ್ ಸೀಮೆಯಲ್ಲಿ ಮನೌಸ್ ಎಂಬ ಪಟ್ಟಣವಿದೆ. ಅದರ ಬಳಿಯಲ್ಲಿ ಜನರು ದಟ್ಟವಾದ ಅಡವಿಯನ್ನು ಕಡಿದು ಸುಟ್ಟು, ದನಗಳಿಗಾಗಿ ಹುಲ್ಲುಗಾವಲು ಮಾಡಿದರು. ವಿದ್ವಾಂಸರು ಎರಡೂ ಕಡೆಯ ಮಣ್ಣನ್ನು ಅಗೆದು, ಕಣ್ಣಿಗೆ ಕಾಣುವ ಜೀವಿಗಳನ್ನು ಎಣಿಸಿದರು. ಅಡವಿಯಲ್ಲಿ 151 ಬಗೆಗಳು ದೊರೆತವು. ಹುಲ್ಲುಗಾವಲಿನಲ್ಲಿ 48 ಮಾತ್ರ. ಅಲ್ಲಿ ಪೊಂಟೊಸ್ಕೊಲೆಕ್ಸ್ ಎಂಬ ಒಂದೇ ಜಾತಿಯ ಎರೆಹುಳವು ಬಹಳವಾಗಿ ಹೆಚ್ಚಿ, ಮಣ್ಣಿನ ಜೀವಿಗಳ ಒಟ್ಟು ತೂಕದಲ್ಲಿ 100ಕ್ಕೆ ಸುಮಾರು 90 ಪಾಲಾಯಿತು.

2. ಕೇಡು ಹೇಗೆ ಉಂಟಾಯಿತು? ಈ ಹುಳವು ಮಣ್ಣನ್ನು ತಿಂದು ಹಿಕ್ಕೆ ಹಾಕುತ್ತದೆ. ಒಂದು ಹೆಕ್ಟೇರಿನಲ್ಲಿ, ಅಂದರೆ ಸುಮಾರು ಎರಡೂವರೆ ಎಕ್ರೆಯಲ್ಲಿ, ಆ ಹಿಕ್ಕೆಯು ವರುಷಕ್ಕೆ 100 ಟನ್ನಿಗೂ ಮೇಲಾಗುವದು. ಅಡವಿಯಲ್ಲಾದರೆ ಗೆದ್ದಲು, ಇರುವೆ ಮುಂತಾದ ಬೇರೆ ಜೀವಿಗಳು ಅದನ್ನು ಒಡೆದು, ತೂತು ಕೊರೆದು, ನೆಲವನ್ನು ಸಡಿಲ ಮಾಡುವವು. ಗಾವಲಿನಲ್ಲಿ ಆ ಜೊತೆ ಕೆಲಸಗಾರರು ಇಲ್ಲವಾದರು. ದನಗಳ ತುಳಿತದಿಂದಲೂ ಯಂತ್ರಗಳ ಭಾರದಿಂದಲೂ ಮೊದಲೇ ಒತ್ತಿಹೋಗಿದ್ದ ನೆಲದ ಮೇಲೆ ಒದ್ದೆಯಾದ ಹಿಕ್ಕೆಯು ಅಂಟಂಟಾಗಿ ಕೂಡಿಕೊಂಡಿತು. ಮಳೆಗಾಲದಲ್ಲಿ ನೀರೂ ಗಾಳಿಯೂ ಒಳಗೆ ಇಳಿಯಲಿಲ್ಲ. ಬೇಸಿಗೆಯಲ್ಲಿ ನೆಲವು ಗಟ್ಟಿಯಾಗಿ ಬಿರಿಯಿತು. ಈ ಸಂಗತಿಯು 1999ರಲ್ಲಿ ಪ್ರಕಟವಾಯಿತು.

3. ಪರಿಹಾರವುಂಟೋ? ಉಂಟು. ಆ ವಿದ್ವಾಂಸರು ಗಾವಲಿನ ಗಟ್ಟಿ ಮಣ್ಣನ್ನು ಹೆಂಟೆಯಾಗಿ ಕೊಯ್ದು ಅಡವಿಯಲ್ಲಿಟ್ಟರು. ಅಡವಿಯ ಮಣ್ಣನ್ನು ಗಾವಲಿನಲ್ಲಿಟ್ಟರು. ಒಂದು ವರುಷದೊಳಗೆ ಅಡವಿಯ ಜೀವಿಗಳು ಆ ಗಟ್ಟಿ ಹೆಂಟೆಯನ್ನು ತಿರಿಗಿ ಸಡಿಲ ಮಾಡಿದವು. ಗಾವಲಿಗೆ ಹೋದ ಮಣ್ಣಾದರೋ ಬಿಗಿದುಹೋಯಿತು. ಹೀಗಿರಲಾಗಿ ದೋಷವು ಹುಳದ್ದಲ್ಲ. ಹಲವರು ಕೂಡಿ ಮಾಡತಕ್ಕ ಕೆಲಸವು ಒಬ್ಬನ ಪಾಲಿಗೆ ಬಿದ್ದದ್ದೇ ಕೇಡಿಗೆ ಕಾರಣ.

4. ಇದು ನಮಗೇಕೆ? ಅದೇ ಜಾತಿಯ ಹುಳವು ಪರದೇಶದಿಂದ ಬಂದು ನಮ್ಮ ಪಶ್ಚಿಮ ಘಟ್ಟಗಳ ತೋಟಗಳಲ್ಲಿಯೂ ನೆಲೆಗೊಂಡಿದೆ. ಆದಕಾರಣ ತರಗೆಲೆಗಳನ್ನು ಗುಡಿಸಿ ಸುಡದೆ ಮರಗಳ ಬುಡದಲ್ಲಿಯೇ ಬಿಡೋಣ. ತೋಟದ ನಡುವೆ ಬಗೆಬಗೆಯ ಮರಗಳನ್ನು ಉಳಿಸೋಣ. ತರಗೆಲೆಯೇ ಆ ಚಿಕ್ಕ ಕೆಲಸಗಾರರಿಗೆ ಅನ್ನವೂ ಮನೆಯೂ ಆಗಿದೆ.

ಪ್ರಶ್ನೆಗಳು: (1) ಗಾವಲಿನಲ್ಲಿ ಎಷ್ಟು ಬಗೆಯ ಜೀವಿಗಳು ಉಳಿದವು? (2) ಅಡವಿಯಲ್ಲಿ ಎರೆಹುಳದ ಹಿಕ್ಕೆಯನ್ನು ಒಡೆಯುವವು ಯಾವವು? (3) ನಿಮ್ಮ ಹಿತ್ತಲಲ್ಲಿ ಒಂದು ಮೊಳ ನೆಲವನ್ನು ಅಗೆದರೆ ಎಷ್ಟು ಬಗೆಯ ಜೀವಿಗಳು ಕಾಣುವವು? ಎಣಿಸಿ ನೋಡಿರಿ.